ಕೈಗೆ ಕೊಟ್ಟ ವೀಳ್ಯ

ಶನಿವಾರ ಬೆಳಗ್ಗೆ ಹನ್ನೊಂದೂ ಕಾಲಿಗೆ ಒಂದು ಕೈ ಕಿಟಕಿಯೊಳಗೆ ಬಂದು ನಮ್ಮ ಕಾರಿನ ಕೀಲಿಯನ್ನು ಕಿತ್ತುಕೊಂಡಿತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಆ ಕೈ ಹಿಂದಕ್ಕೆ ಸರಿಯುವಾಗ ನನ್ನ ಕಣ್ಣು ಸ್ಟೀರಿಂಗಿನ ಹಿಂದಿನ ಗಡಿಯಾರದ ಮೇಲಿತ್ತು. ಕೀಲಿ ಹೋದೊಡನೆ ಗಡಿಯಾರವೂ ಆರಿಹೋಯಿತು. ಆಮೇಲೆ ಅಲ್ಲಿ ಎಷ್ಟು ಹೊತ್ತು ಇದ್ದೆವೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಪೊಲೀಸರು ಕೇಳಿದಾಗಲೂ ಹೇಳಲಾಗಲಿಲ್ಲ.

ಊರಿನ ಹೆಸರು ಬರೆಯುವುದಿಲ್ಲ. ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ರಸ್ತೆಯಿಂದ ಒಳಕ್ಕೆ ತಿರುಗಿ ನಾಲೆ ದಾಟಿದರೆ ಸಿಗುವ ಊರುಗಳಲ್ಲಿ ಅದೂ ಒಂದು. ಕಾರು ಓಡಿಸುತ್ತಿದ್ದವಳು ನಾನು. ನಂಜನಗೂಡು ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ಪಕ್ಕದಲ್ಲಿ ಕೂತಿದ್ದವರು ಮೈಸೂರಿನಲ್ಲಿ ನನಗೆ ಕಾನೂನು ಕಲಿಸಿದ ಪ್ರೊಫೆಸರ್. ನಾವೆಲ್ಲ ಅವರನ್ನು ಮೇಡಂ ಎನ್ನುತ್ತೇವೆ, ಇಲ್ಲೂ ಹಾಗೇ ಬರೆಯುತ್ತೇನೆ. ಹಿಂದಿನ ಸೀಟಿನಲ್ಲಿ ಆ ಊರಿನ ಕಾಲೊನಿಯ ಒಬ್ಬ ಹೆಂಗಸು, ಎಂಟು ತಿಂಗಳ ಬಸುರಿ, ಮತ್ತು ಅವಳ ಅತ್ತೆ. ಬಸುರಿಯನ್ನು ತಿ. ನರಸೀಪುರದ ತವರಿನಿಂದ ಕರೆತರುತ್ತಿದ್ದೆವು. ಅವತ್ತು ಊರಿನ ಆರೋಗ್ಯ ಉಪಕೇಂದ್ರ ಹೊಸ ಜಾಗದಲ್ಲಿ ಬಾಗಿಲು ತೆರೆಯಬೇಕಿತ್ತು. ಅವಳು ಅಲ್ಲಿ ಮಂಚದ ಮೇಲೆ ಮಲಗಿ ನರ್ಸಿಗೆ ಹೊಟ್ಟೆ ತೋರಿಸಬೇಕಿತ್ತು. ನಾವು ಹೋಗುತ್ತಿದ್ದದ್ದು ಇಷ್ಟಕ್ಕೆ. ಅವಳ ಮೊದಲ ಕೂಸು ಹೊಟ್ಟೆಯಲ್ಲೇ ತೀರಿಹೋಗಿತ್ತು. ಆ ಬಸಿರಿನ ಉದ್ದಕ್ಕೂ ಒಬ್ಬರೂ ಅವಳ ಹೊಟ್ಟೆ ಮುಟ್ಟಿ ನೋಡಿರಲಿಲ್ಲ.

ಮಾರಮ್ಮನ ಗುಡಿಯ ಮುಂದೆ ಟ್ರ್ಯಾಕ್ಟರಿನ ಟ್ರೇಲರನ್ನು ರಸ್ತೆಗೆ ಅಡ್ಡ ನಿಲ್ಲಿಸಿದ್ದರು. ನಾನು ಬ್ರೇಕು ಹಾಕುವುದಕ್ಕೂ ಗುಡಿಯ ನೆರಳಿನಿಂದ ಗಂಡಸರು ಎದ್ದು ಬರುವುದಕ್ಕೂ ಸರಿಹೋಯಿತು. ಕೀಲಿ ಹೋದ ಮೇಲೆ ಕಿಟಕಿಯ ಗಾಜು ಏರಿಸುವಂತಿರಲಿಲ್ಲ. ನನ್ನ ಕಡೆಯದು ಪೂರ್ತಿ ತೆರೆದೇ ಇತ್ತು. ಇಬ್ಬರು ಬಾನೆಟ್ಟಿನ ಮೇಲೆ ಹತ್ತಿ ಕೂತರು. ಉಳಿದವರು ನಾಲ್ಕೂ ಬಾಗಿಲಿಗೆ ಬೆನ್ನು ಕೊಟ್ಟು, ಮೈ ಭಾರ ಹಾಕಿ ಒರಗಿದರು.

"ತೋರ್ಸಿ ಮೇಡಮ್ಮೋರೆ, ಕೈ ತೋರ್ಸಿ. ವೀಳ್ಯ ಹಿಡ್ದ ಕೈ ಕಣ್ರೀ ಅದು! ಅದೇ ಕೈಯಲ್ಲಿ ಆರ್ಡರ್ ಹಿಡ್ಕಂಡ್ ಬಂದವ್ರೆ!"

"ಓದ್ದೋರ್‌ಗೆ ಮಾತೂ ಇಲ್ಲ, ಮರ್ವಾದೆನೂ ಇಲ್ಲ ಕಣ್ಲಾ."

ಒಬ್ಬ ಕಿಟಕಿಯೊಳಗೆ ತಲೆ ಹಾಕಿ ನನ್ನ ಮುಖ ನೋಡಿದ. ಬಾಯಲ್ಲಿ ಹೊಗೆಸೊಪ್ಪಿನ ವಾಸನೆ. "ಇವ್ಳು ನಮ್ಮೋಳೇ ಕಣ್ರಲಾ. ನಂಜನಗೂಡ್ನೋಳು. ಇವ್ರಪ್ಪುನ್ನ ಕಂಡಿವ್ನಿ ನಾನು. ಯಾಕವ್ವಾ, ಮನೇಲಿ ಹೇಳೋರ್ ಕೇಳೋರ್ ಇಲ್ವಾ ನಿಂಗೆ?"

ಯಾರೋ ಕಾರಿನ ತಲೆಯ ಮೇಲೆ ಅಂಗೈಯಿಂದ ಬಡಿಯತೊಡಗಿದರು. ಒಬ್ಬ ಬಡಿದರೆ ಮತ್ತೊಬ್ಬ. ಒಳಗೆ ಕೂತವರಿಗೆ ಅದು ತಲೆಬುರುಡೆಯ ಮೇಲೇ ಬಡಿದ ಹಾಗೆ ಕೇಳುತ್ತದೆ. ಅದರ ನಡುವೆ ಹಿಂದುಗಡೆಯಿಂದ ಒಂದು ದನಿ: "ಟ್ರ್ಯಾಕ್ಟರಲ್ಲಿ ಡೀಸಲ್ ಅದಲ್ಲಾ, ಒಂದ್ ಕ್ಯಾನ್ ತತ್ತಾರ್ಲಾ ಇತ್ತ." ಕೆಲವರು ನಕ್ಕರು. ಕೆಲವರು ನಗಲಿಲ್ಲ. ತಮಾಷೆಗೆ ಅಂದನೋ ನಿಜಕ್ಕೂ ಅಂದನೋ ನನಗೆ ಈಗಲೂ ತಿಳಿಯದು. ಆ ಮಾತನ್ನು ನಾನು ಮತ್ತೆ ಮತ್ತೆ ಕೇಳಿಸಿಕೊಂಡಿದ್ದೇನೆ. ಒಂದೊಂದು ಸಲ ಆ ದನಿಯಲ್ಲಿ ನಗು ಇರುತ್ತದೆ, ಒಂದೊಂದು ಸಲ ಇರುವುದಿಲ್ಲ.

ಅವರ ಸಿಟ್ಟು ಏನೆಂದು ಇಲ್ಲಿ ಹೇಳಬೇಕು.

ಆ ಊರಿನ ಉಪಕೇಂದ್ರ ಇದ್ದದ್ದು ಮೇಲಿನ ಬೀದಿಯಲ್ಲಿ, ಊರ ಯಜಮಾನರ ಮನೆಯ ಬಾಡಿಗೆ ಕೋಣೆಯಲ್ಲಿ. ಕೋಣೆಗೆ ಹೋಗಬೇಕಾದರೆ ಅವರ ಜಗಲಿ ಹತ್ತಿ, ನಡುಮನೆ ದಾಟಬೇಕು. ಕಾಲೊನಿಯ ಹೆಂಗಸರು ಹಾಗೆ ದಾಟಬಾರದೆಂದು ಯಾರೂ ಬರೆದು ಹಾಕಿರಲಿಲ್ಲ. ಅವರೇ ಸುತ್ತಿಕೊಂಡು ಹಿತ್ತಲಿಗೆ ಹೋಗಿ ಗೋಡೆಯಾಚೆ ನಿಲ್ಲುತ್ತಿದ್ದರು. ನರ್ಸು ಗೋಡೆಯ ಮೇಲಿಂದ ಕಬ್ಬಿಣದ ಮಾತ್ರೆ ಕೊಡುತ್ತಿದ್ದರು. ಬೀಪಿ ನೋಡುವ ಯಂತ್ರ ಮೇಜಿನ ಮೇಲಿತ್ತು, ಅದು ಗೋಡೆಯವರೆಗೆ ಬರುತ್ತಿರಲಿಲ್ಲ. ಹೊಟ್ಟೆ ನೋಡಲು ಮಲಗಬೇಕು, ಗೋಡೆಯಾಚೆ ಮಲಗುವುದೆಲ್ಲಿ? ತಾಯಿ ಕಾರ್ಡಿನಲ್ಲಿ ಮಾತ್ರ ಎಲ್ಲ ನೋಡಿದ ಹಾಗೆ ಗುರುತು ಬೀಳುತ್ತಿತ್ತು.

ಮೇಡಂ ಪಾಠ ಮಾಡುತ್ತಿದ್ದದ್ದೇ ಇಂಥ ಗೋಡೆಗಳ ಬಗ್ಗೆ. ಸಂವಿಧಾನ ಕಲಿಸಲು ಸೇರಿದವರು, ಆರೋಗ್ಯದ ಹಕ್ಕೆಂದು ಒಂದು ಪ್ರತ್ಯೇಕ ವಿಷಯವನ್ನೇ ಹಟ ಹಿಡಿದು ಶುರುಮಾಡಿದರು. ಸಹೋದ್ಯೋಗಿಗಳು ಬೆನ್ನ ಹಿಂದೆ ಅವರನ್ನು 'ಕಾಂಪೌಂಡರ್ ಮೇಡಂ' ಎನ್ನುತ್ತಿದ್ದರು. ಒಮ್ಮೆ ಸ್ಟಾಫ್ ರೂಮಿನಲ್ಲಿ ಮುಖಕ್ಕೇ ಅಂದರಂತೆ. "ಹೌದು, ಎಲ್ಲಿ ನೋವು ಹೇಳಿ" ಎಂದು ಮೇಡಂ ಕೇಳಿ, ಚಹಾ ಕುಡಿದು ಎದ್ದರಂತೆ. ವಿದ್ಯಾರ್ಥಿಗಳಿಗೆ ಅವರು ಕೊಡುತ್ತಿದ್ದ ಮೊದಲ ಕೆಲಸ ನಡಿಗೆ. ಒಂದು ಊರಿಗೆ ಹೋಗಿ, ಕಾಲೊನಿಯ ಕೊನೆಯ ಮನೆಯಿಂದ ಆರೋಗ್ಯ ಕೇಂದ್ರದವರೆಗೆ ಆ ಮನೆಯವರ ಜೊತೆ ನಡೆಯಬೇಕು. ಎಲ್ಲಿ ಚಪ್ಪಲಿ ಬಿಡುತ್ತಾರೆ, ಎಲ್ಲಿ ದನಿ ಇಳಿಸುತ್ತಾರೆ, ಎಲ್ಲಿ ಸುತ್ತಿ ಬಳಸುತ್ತಾರೆ, ನೋಡಿಕೊಂಡು ಬಂದು ತರಗತಿಯಲ್ಲಿ ಹೇಳಬೇಕು. ನಾನು ಮೊದಲು ನಡೆದದ್ದು ದೇವನೂರಿಗೆ ಹೋಗುವ ಬಸ್ಸಿನಿಂದ ನಡುವೆ ಇಳಿದರೆ ಸಿಗುವ ಒಂದು ಹಳ್ಳಿಯಲ್ಲಿ. ಅಲ್ಲಿಯವರೆಗೆ ನನ್ನ ಜಾತಿಯವರ ಬೀದಿಯನ್ನು ನಾನು ಬರೀ ಬೀದಿಯೆಂದು ತಿಳಿದಿದ್ದೆ. ಕವಲಂದೆ ಕಡೆ, ಹುಣಸೂರು ಕಡೆ ಎಲ್ಲ ಮೇಡಂ ವಿದ್ಯಾರ್ಥಿಗಳು ನಡೆದಿದ್ದಾರೆ. ಆ ನಡಿಗೆಗಳಿಂದ ಎಷ್ಟೋ ಅರ್ಜಿಗಳು ಹುಟ್ಟಿದವು, ಕೆಲವು ಹೈಕೋರ್ಟಿನವರೆಗೆ ಹೋದವು. ಈ ಊರಿನ ಅರ್ಜಿಯೂ ಹಾಗೇ ಹುಟ್ಟಿತು. ಉಪಕೇಂದ್ರವನ್ನು ಬಸ್ ಸ್ಟಾಪಿನ ಹತ್ತಿರದ ಹಳೇ ಶಾಲೆಯ ಕೋಣೆಗೆ ಸಾಗಿಸಲು ಆದೇಶವಾಯಿತು.

ಆದೇಶ ಬಂದ ವಾರ ಯಜಮಾನರು ಅರಳಿಕಟ್ಟೆಯಲ್ಲಿ ನ್ಯಾಯ ಸೇರಿಸಿದರು. ಮೇಡಂ ಹೋದರು, ನಾನೂ ಹೋದೆ. ಕಾಲೊನಿಯ ಯಜಮಾನರು ಇಬ್ಬರು ದೂರದಲ್ಲಿ ನಿಂತಿದ್ದರು. ಊರ ಯಜಮಾನರು ತುಂಬ ಮರ್ಯಾದೆಯಿಂದಲೇ ಮಾತಾಡಿದರು. ಕೇಂದ್ರ ತಮ್ಮ ಮನೆಯಲ್ಲೇ ಇರಲಿ, ಹಿತ್ತಲಿನ ಕೊಟ್ಟಿಗೆ ತೊಳೆಸಿ ಒಂದು ಮಂಚ ಹಾಕಿಸುತ್ತೇನೆ, ವಾರಕ್ಕೊಂದು ದಿನ ಕಾಲೊನಿಯವರು ಅಲ್ಲಿಗೆ ಬರಲಿ ಎಂದರು. ಮೇಡಂ "ಆಗಲ್ಲ" ಎನ್ನಲಿಲ್ಲ, "ನೋಡೋಣ" ಎಂದರು. ಆಗ ಯಜಮಾನರು ತಟ್ಟೆಯಿಂದ ವೀಳ್ಯದೆಲೆ, ಅಡಿಕೆ ತೆಗೆದು ತಾವೇ ಎದ್ದು ಬಂದು ಮೇಡಂ ಕೈಯಲ್ಲಿಟ್ಟರು. ಮೇಡಂ ಎರಡೂ ಕೈ ಚಾಚಿ ತೆಗೆದುಕೊಂಡರು.

ಆ ಕಡೆಯ ನ್ಯಾಯದಲ್ಲಿ ಯಜಮಾನರ ಕೊನೆಯ ಮಾತಿನ ಮೇಲೆ ವೀಳ್ಯ ಹಿಡಿದರೆ ಒಪ್ಪಿದ ಹಾಗೆ. ಮಾತು ಮುಗಿಯಿತು. ಮೇಲೆ ಅಪೀಲಿಲ್ಲ. ಪೇಟೆಯಲ್ಲಿ ಬೆಳೆದ ನನಗೆ ಅದು ಗೊತ್ತಿರಲಿಲ್ಲ. ಮೇಡಂಗೆ ಗೊತ್ತಿತ್ತು. ಅವರು ಹುಟ್ಟಿದ್ದು ತಿ. ನರಸೀಪುರದ ಆಚೆ, ಇಂಥದೇ ಒಂದು ಕೇರಿಯಲ್ಲಿ.

"ಗೊತ್ತಿತ್ತು ಕಣೇ" ಎಂದರು ಆಮೇಲೆ, ನಾನು ಕೇಳಿದಾಗ. "ಆದರೆ ನಮ್ಮಪ್ಪನಿಗೆ ಯಾವತ್ತೂ ವೀಳ್ಯ ಕೈಗೆ ಕೊಡ್ತಿರಲಿಲ್ಲ. ನೆಲದ ಮೇಲೆ ಇಟ್ಟು ಹಿಂದೆ ಸರೀತಿದ್ರು, ಅಪ್ಪ ಬಗ್ಗಿ ತಗೋತಿದ್ದ. ಇವರು ಎದ್ದು ಬಂದು ಕೈಗೇ ಕೊಟ್ರು. ಆ ಹೊತ್ತಿಗೆ ನನಗೆ ಬೇರೇನೂ ಕಾಣಲಿಲ್ಲ."

ಹಾಗೆ ವೀಳ್ಯ ಹಿಡಿದವರು ಆದೇಶದ ಪ್ರಕಾರ ಕೇಂದ್ರ ತೆರೆಸಲು ಬಂದಿದ್ದಾರೆ. ಕಾರಿನ ಮೇಲೆ ಬಡಿಯುತ್ತಿದ್ದ ಕೈಗಳ ಲೆಕ್ಕದಲ್ಲಿ ಅವರು ಮಾತು ತಪ್ಪಿದವರು.

ಕಾರಿನೊಳಗೆ ಕಾವು ಏರುತ್ತಿತ್ತು. ಬಸುರಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ "ಅತ್ತೇ, ಉಸ್ರಾಡಕ್ ಆಯ್ತಾ ಇಲ್ಲ" ಎಂದಳು. ಮೇಡಂ ನನಗೆ ಮಾತ್ರ ಕೇಳುವಂತೆ "ಯಾರನ್ನೂ ದಿಟ್ಟಿಸಬೇಡ" ಎಂದರು. ಬಾಗಿಲು ತೆಗೆಯಿರಿ, ಬಸುರಿ ಇದ್ದಾಳೆ ಎಂದು ಅವರು ಎರಡು ಸಲ ಹೇಳಿದರು. ಹೊರಗೆ ಬೆನ್ನುಗಳು ಅಲುಗಲಿಲ್ಲ. ನಾನು ಫೋನು ತೆಗೆದೆ. ಕಿಟಕಿಯ ಕೈ ಅದನ್ನೂ ಕಸಿಯಿತು.

ಆಗ ಅತ್ತೆ ತನ್ನ ಕಾಲ ಬಳಿಯಿದ್ದ ನೀರಿನ ಬಾಟಲಿಯ ಬಿರಡೆ ತೆಗೆದು, ಅಷ್ಟೂ ನೀರನ್ನು ಸೊಸೆಯ ಮಡಿಲಿಗೆ, ಸೀಟಿಗೆ ಸುರಿದುಬಿಟ್ಟಳು. ಸೊಸೆ ಬೆಚ್ಚಿ ಕಿರುಚಿದಳು. ಅತ್ತೆ ಅದಕ್ಕಿಂತ ಜೋರಾಗಿ ಕಿರುಚಿದಳು.

"ಅಯ್ಯಯ್ಯೋ, ನೀರ್ ಒಡ್ದೋಯ್ತು ಕಣ್ರಪ್ಪೋ! ಎರ್ಗೆ ಸುರುವಾಯ್ತು! ಬನ್ರೋ, ಬಂದ್ ಇಡ್ಕಳ್ರೋ! ಮಾರಮ್ಮುನ್ ಮುಂದ್ಲೇ ಎರುಸ್ತೀನಿ ಇವತ್ತು. ಗುಡಿಗೂ ಸೂತ್ಕ, ನಿಮ್ ಬೀದಿಗೂ ಸೂತ್ಕ! ಬಾಗ್ಲಿಗ್ ಒರಿಕ್ಕಂಡ್ ನಿಂತ್ಕಳ್ರೋ, ಎರ್ಗೆ ಕಸ ನಿಮ್ ಕಾಲ್ ಮೇಲೇ ಬೀಳ್ಲಿ!"

ಬೆನ್ನುಗಳು ಬಾಗಿಲಿನಿಂದ ಒಟ್ಟಿಗೆ ಎದ್ದವು. ಬಾನೆಟ್ಟಿನ ಮೇಲಿದ್ದವರು ಹಾರಿ ಇಳಿದರು. ಬಡಿತ ನಿಂತಿತು.

"ಲೇ, ತಗೀರ್ಲಾ, ಗಾಡಿ ತಗೀರ್ಲಾ! ಗುಡಿ ಮುಂದಾ ಆದ್ರೆ ಏನ್ಲಾ ಗತಿ!"

"ಕೀಲಿ ಕೊಡ್ಲಾ ಮೂದೇವಿ, ಕೀಲಿ!" ಎಂದು ಅತ್ತೆ ಕೂಗಿದಳು. ಕೀಲಿ ದೂರದಿಂದ ತೂರಿ ಬಂದು ನನ್ನ ಮಡಿಲಿಗೆ ಬಿತ್ತು. ಹಿಂದೆಯೇ ಫೋನೂ ಬಂತು. ನಾನು ಗಾಡಿಯನ್ನು ತಿರುಗಿಸಲಿಲ್ಲ. ನಾಲೆಯವರೆಗೆ ಹಿಮ್ಮುಖವಾಗೇ ಓಡಿಸಿದೆ. ದೊಡ್ಡ ರಸ್ತೆ ಸೇರಿದ ಮೇಲೆ ಸೊಸೆ ಅಳುತ್ತ, ನಗುತ್ತ "ಒಸಾ ಸೀರೆ ಕಣತ್ತೆ, ಎಲ್ಲಾ ಒದ್ದೆ ಮಾಡ್ಬುಟ್ಯಲ್ಲ" ಎಂದಳು. "ಒಣೀಕತದೆ ಬುಡು" ಎಂದಳು ಅತ್ತೆ. ಬಾಟಲಿಯ ಬಿರಡೆ ಇನ್ನೂ ಅವಳ ಕೈಯಲ್ಲೇ ಇತ್ತು. ಮೇಡಂ ಹಿಂದೆ ತಿರುಗಿ ಆ ಕೈ ಹಿಡಿದುಕೊಂಡರು.

ಬಸುರಿಯನ್ನು ತವರಿಗೆ ಬಿಟ್ಟು, ಠಾಣೆಯಲ್ಲಿ ಹೇಳಿಕೆ ಕೊಟ್ಟು ಮನೆಗೆ ಬಂದೆ. ಅವತ್ತಿನಿಂದ ನಿದ್ದೆ ಹೋಯಿತು. ಕಣ್ಣು ಹತ್ತಿದೊಡನೆ ತಲೆಯ ಮೇಲೆ ಅಂಗೈಗಳು ಬಡಿಯುತ್ತಿದ್ದವು. ಎದ್ದು ಕೂತರೆ ಡೀಸೆಲಿನ ಮಾತು. ಹಗಲಲ್ಲಿ ಪಕ್ಕದ ಮನೆಯವರು ಚಾಪೆ ಕೊಡವಿದರೂ ಮೈ ಜುಮ್ಮೆನ್ನುತ್ತಿತ್ತು. ಅಮ್ಮ ನೆಂಟರ ಫೋನುಗಳಿಗೆ ಉತ್ತರ ಕೊಟ್ಟು ಸೋತಿದ್ದಳು. "ನಿಮ್ ಮಾವ ಕೇಳ್ತಾವ್ನೆ, ನಮ್ಮ ಮಗೀಗೆ ಆ ಕೇರಿ ಉಸಾಬರಿ ಯಾಕೆ ಅಂತ. ನಾನೇನ್ ಹೇಳ್ಲಿ?" ಕೋರ್ಟಿನಲ್ಲಿ ಹಿರಿಯ ವಕೀಲರೊಬ್ಬರು ಎಲ್ಲರೆದುರು "ಏನಮ್ಮ, ಸೂಲಗಿತ್ತಿ ಪ್ರಾಕ್ಟೀಸು ಹೆಂಗೆ ನಡೀತಿದೆ?" ಎಂದರು. ನಕ್ಕವರಲ್ಲಿ ನನ್ನ ಜೊತೆ ಓದಿದವರೂ ಇದ್ದರು. ಬಸುರಿಯ ಗಂಡ ತಾಂಡ್ಯದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಶಿಫ್ಟಿನ ವ್ಯಾನಿನಲ್ಲಿ ಅವನ ಊರವರೇ ಅವನಿಗೆ ಸೀಟು ಬಿಡದಾದರು. ಅವನು ಬಾಗಿಲ ಬಳಿ ನಿಂತು ಹೋಗಿ ಬಂದು ಮಾಡಿದ.

ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ಕಾಲೊನಿಯಿಂದ ಬಂತು. ಪೊಲೀಸರ ಕಾವಲಲ್ಲಿ ಶಾಲೆಯ ಕೋಣೆ ತೆರೆಯಿತು. ಮಂಚ ಬಂತು, ಯಂತ್ರ ಬಂತು. ಒಬ್ಬರೂ ಒಳಗೆ ಹೋಗಲಿಲ್ಲ. ಕಾಲೊನಿಯ ಯಜಮಾನರು ಮೇಡಂ ಮನೆಗೇ ಬಂದು ಕೈಮುಗಿದರು.

"ನೀವು ನಮ್ಮೋರೇ ಮೇಡಮ್ಮೋರೆ, ದೊಡ್ಡೋರಾಗಿವ್ರಿ. ಆದ್ರೆ ವೀಳ್ಯ ಆಗೋಗದೆ. ನಮ್ ಪರವಾಗ್ ಹಿಡ್ದೋರು ನೀವು. ಅದ್ನ ಮುರ್ದು ನಮ್ ಎಂಗಸ್ರು ಅಲ್ಲಿ ಕಾಲಿಟ್ರೆ, ನಾಳೆ ನಮ್ ಮಾತ್ಗೆ ಬೆಲೆ ಎಲ್ಲದೆ? ಆ ಸೊಸೆನೂ ಓಗೂದು ಬ್ಯಾಡ."

ಅವರು ಹೋದ ಮೇಲೆ ನಾನು ಸಿಟ್ಟಿನಿಂದ ಮಾತಾಡಿದೆ. ಸಂವಿಧಾನಕ್ಕೆ ವಿರುದ್ಧವಾದ ರೂಢಿ ರೂಢಿಯೇ ಅಲ್ಲ, ನೀವೇ ಕಲಿಸಿದ್ದು ಎಂದೆ.

"ಅದು ಕೋರ್ಟಿನಲ್ಲಿ ಗೆಲ್ಲುತ್ತೆ" ಎಂದರು ಮೇಡಂ. "ಅವಳು ಆ ಮಂಚದ ಮೇಲೆ ಮಲಗಬೇಕಾದ್ದು ಈ ತಿಂಗಳು. ಒಪ್ಪಿಗೆ ಬಾಯಲ್ಲೇ ಹೇಳಬೇಕಿಲ್ಲ, ನಡತೆಯಲ್ಲಿ ತೋರಿಸಿದರೂ ಸಾಕು ಅಂತ ಎಷ್ಟು ವರ್ಷ ಪಾಠ ಮಾಡಿದ್ದೀನಿ. ಆ ಕಟ್ಟೆಯ ಲೆಕ್ಕದಲ್ಲಿ ನಾನು ಒಪ್ಪಿದ್ದೀನಿ. ಒಪ್ಪಿದ್ದನ್ನ ಅಲ್ಲೇ ಹಿಂದಕ್ಕೆ ಕೊಡಬೇಕು."

ನಾನು ಬರುವುದಿಲ್ಲ ಎಂದೆ. ಬರಬೇಡ ಎಂದರು. ಬುಧವಾರ ಮಧ್ಯಾಹ್ನ ಅವರು ಒಬ್ಬರೇ ಬಸ್ಸಿಗೆ ಹೊರಟಿದ್ದನ್ನು ನೋಡಲಾರದೆ ಜೊತೆಗೆ ಹತ್ತಿದೆ. ಗುಡಿಯ ಮುಂದೆ ಹಾಯುವಾಗ ನಾನು ಮೇಡಂನ ಆಚೆ ಪಕ್ಕಕ್ಕೆ ಸರಿದೆ. ಆ ದಿನ ಕಿಟಕಿಗೆ ತಲೆ ಹಾಕಿದ್ದವನು ಕಟ್ಟೆಯ ಮೇಲೆ ಕೂತಿದ್ದ. "ಬಂದ್ಲು ನೋಡ್ಲಾ, ರಿವರ್ಸ್ ಡ್ರೈವರ್" ಎಂದ.

ಮೇಡಂ ಹೊಸ ತಟ್ಟೆಯಲ್ಲಿ ಎಲೆ, ಅಡಿಕೆ ಜೋಡಿಸಿಕೊಂಡು ಯಜಮಾನರ ಮುಂದೆ ನಿಂತರು. ಮೇಡಂ ಮೊದಲೇ ಹೇಳಿಕಳಿಸಿದ್ದರಿಂದ ಕಟ್ಟೆಯ ಸುತ್ತ ಊರೇ ನೆರೆದಿತ್ತು. ಕಾಲೊನಿಯವರೂ ಬಂದಿದ್ದರು.

"ಹೋದ ಸಲ ನೀವು ಕೈಗೆ ಕೊಟ್ಟಿರಿ, ನಾನು ತಗೊಂಡೆ. ನಿಮ್ಮ ಮಾತು ನಾನು ಒಪ್ಪಿರಲಿಲ್ಲ. ತಗೊಂಡದ್ದು ನನ್ನ ತಪ್ಪು, ಕಾಲೊನಿಯವರದ್ದಲ್ಲ. ವಾಪಸ್ ಕೊಡ್ತಿದ್ದೀನಿ."

ಯಜಮಾನರು ತಟ್ಟೆಯನ್ನು ನೋಡಿದರು. ಆಮೇಲೆ ಗದ್ದದಿಂದ ನೆಲ ತೋರಿಸಿದರು. "ಇಡಿ ಅಲ್ಲಿ."

"ನೆಲಕ್ಕೆ ಇಡಲ್ಲ. ಕೈಗೆ ಕೊಟ್ಟಿದ್ದೀರಿ, ಕೈಗೇ ತಗೊಳ್ಳಿ."

"ಎಷ್ಟ್ ಪೊಗ್ರು ನೋಡು" ಎಂದರು ಯಾರೋ. ಮತ್ತೊಬ್ಬ ಕೇರಿಯ ಹೆಸರು ಹಿಡಿದು ಬೈದ. ಆ ಬೈಗುಳವನ್ನು ಇಲ್ಲಿ ಬರೆಯಲಾರೆ. ಮೇಡಂ ತಟ್ಟೆ ಚಾಚಿದ ಕೈ ಇಳಿಸಲಿಲ್ಲ. ನಾನು ಅವರ ಹಿಂದೆ ನಿಂತು ಜನರ ಅಂಗೈಗಳನ್ನೇ ನೋಡುತ್ತಿದ್ದೆ.

ವೀಳ್ಯ ತಟ್ಟೆ ನಡುವೆ ಇರುವಾಗ ಕಟ್ಟೆಯಿಂದ ಯಾರೂ ಏಳುವಂತಿಲ್ಲ. ಅದೂ ಅಲ್ಲಿಯ ಕಟ್ಟಳೆ. ಬಿಸಿಲು ಇಳಿಯಿತು. ಹಟ್ಟಿಗಳಲ್ಲಿ ಎಮ್ಮೆಗಳು ಕೂಗತೊಡಗಿದವು. ಡೇರಿಗೆ ಹಾಲು ಹಾಕುವ ಹೊತ್ತು. ಗಂಡಸರು ಒಬ್ಬೊಬ್ಬರಾಗಿ ಕೂತಲ್ಲೇ ಮಿಸುಕಿದರು. ಹಾಲಿನ ಕ್ಯಾನು ಹಿಡಿದು ದೂರದಲ್ಲಿ ನಿಂತಿದ್ದ ಮೇಲಿನ ಬೀದಿಯ ಹೆಂಗಸೊಬ್ಬಳು ತನ್ನ ಗಂಡನಿಗೆ ಕೂಗಿದಳು: "ಅದೇನ್ ಈಸ್ಕತೀರೋ ಬುಡ್ತೀರೋ ಬೇಗ ಮಾಡ್ರಪ್ಪಾ. ಡೇರಿ ಬಾಗ್ಲು ಹಾಕುದ್ರೆ ಹಾಲ ನಿಮ್ ನ್ಯಾಯುಕ್ ಉಯ್ಯನಾ?"

"ಈಸ್ಕಬುಡಿ ಯಜಮಾನ್ರೇ" ಎಂದ ಒಬ್ಬ, ನೆಲ ನೋಡುತ್ತ.

ಯಜಮಾನರು ಮೇಡಂ ಮುಖ ನೋಡದೆ ಬಲಗೈ ಚಾಚಿ ಎಲೆ ಅಡಿಕೆ ತೆಗೆದುಕೊಂಡರು. "ಇನ್ಮೇಲೆ ನಮಗೂ ನಿಮಗೂ ಮಾತಿಲ್ಲ" ಎಂದರು. "ನಿಮ್ ಕೇಂದ್ರುಕ್ಕೆ ನಮ್ ಬೀದಿಯಿಂದ ಒಂದ್ ನರಪಿಳ್ಳೆನೂ ಬರಾದಿಲ್ಲ."

ಈಗಲೂ ಬರುವುದಿಲ್ಲ. ಮೇಲಿನ ಬೀದಿಯವರು ನಂಜನಗೂಡಿಗೆ ಹೋಗುತ್ತಾರೆ. ಶಾಲೆಯ ಕೋಣೆಯ ಬಾಗಿಲಿಗೆ ಎರಡು ಸಲ ಸೆಗಣಿ ಎರಚಿದ್ದಾರೆ. ಕಾರಿನ ಕೇಸು ಇನ್ನೂ ನಡೆಯುತ್ತಿದೆ.

ವೀಳ್ಯ ಹಿಂದಿರುಗಿಸಿದ ಮರುದಿನ ಬೆಳಗ್ಗೆಯೇ ಸೊಸೆ ಆ ಕೋಣೆಯ ಮಂಚದ ಮೇಲೆ ಮಲಗಿದಳು. ಅತ್ತೆ ತಲೆಯ ಕಡೆ, ನಾನು ಬಾಗಿಲಲ್ಲಿ. ನರ್ಸು ತೋಳಿಗೆ ಪಟ್ಟಿ ಸುತ್ತಿದರು. ಗಾಳಿ ಬಿಟ್ಟು, ಮತ್ತೆ ತುಂಬಿ, ಮತ್ತೆ ನೋಡಿದರು. ಪಾದವನ್ನು ಬೆರಳಿನಿಂದ ಒತ್ತಿದರು. ಒತ್ತಿದ ಗುಳಿ ಹಾಗೇ ಉಳಿಯಿತು. "ತಲೆನೋವು ಇದೆಯಾ? ಕಣ್ಣು ಮಂಜಾಗುತ್ತಾ?" ಎಂದು ಕೇಳಿದರು. ಅವಳು ಹೌದೆಂದಳು. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅವಳು ಬಿಸಿಲಿನದೆಂದು ತಿಳಿದಿದ್ದಳು. ಬೀಪಿ ವಿಪರೀತ ಏರಿದೆ ಎಂದು ನರ್ಸು ಎದ್ದು ಆಂಬುಲೆನ್ಸಿಗೆ ಫೋನು ಮಾಡಿದರು. ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಮೊದಲನೇ ಕೂಸು ಹೋದದ್ದೂ ಇದಕ್ಕೇ ಇರಬೇಕು" ಎಂದರು. ಗೋಡೆಯ ಮೇಲಿಂದ ಮಾತ್ರೆ ಕೊಟ್ಟದ್ದು ಇವರ ಕೈಯೇ.

ಮೈಸೂರಿನ ಆಸ್ಪತ್ರೆಯಲ್ಲಿ ಅವತ್ತು ಸಂಜೆಗೇ ಆಪರೇಷನ್ ಮಾಡಿದರು. ಹೆಣ್ಣುಮಗು. ಬೆಕ್ಕಿನಮರಿಯಷ್ಟಿತ್ತು, ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಉಸಿರಾಡುತ್ತಿತ್ತು. ತಾಯಿಗೆ ಎಚ್ಚರ ಬಂತು. ಗಂಡ ಶಿಫ್ಟು ಬಿಟ್ಟು ಬಂದು ಗಾಜಿಗೆ ಮೂಗು ಒತ್ತಿ ನಿಂತ. ಮೇಡಂ ಬಂದು ನೋಡಿ, ಬೆಳಗ್ಗೆ ಕ್ಲಾಸಿದೆ ಎಂದು ಹೋದರು. ವಾರ್ಡಿನಿಂದ ಯಾವಾಗ ಬೇಕಾದರೂ ಕರೆಯಬಹುದು, ಒಬ್ಬರು ಎಚ್ಚರವಿರಬೇಕು ಎಂದರು ಆಸ್ಪತ್ರೆಯವರು. ಹೇಗೂ ನನಗೆ ನಿದ್ದೆ ಬರುವುದಿಲ್ಲ, ನಾನಿರುತ್ತೇನೆ ಎಂದೆ. ಕಾರಿಡಾರಿನಲ್ಲಿ ಅತ್ತೆ ಹಾಸಿದ ಪ್ಲಾಸ್ಟಿಕ್ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತೆ. ಎದುರಿಗೆ ಟ್ಯೂಬ್‌ಲೈಟು, ಅತ್ತಿತ್ತ ಓಡಾಡುವ ಕಾಲುಗಳು, ಎಳೆದೊಯ್ಯುವ ಸ್ಟ್ರೆಚರುಗಳು.

ಯಾರೋ ಭುಜ ಅಲುಗಿಸುತ್ತಿದ್ದರು. ಕಿಟಕಿಯ ತುಂಬ ಬಿಸಿಲು. ಕಸ ಗುಡಿಸುವವಳು ನನ್ನನ್ನು ಬಳಸಿಕೊಂಡು ಗುಡಿಸಿ ಹೋಗಿದ್ದಳು. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಎದ್ದೇಳವ್ವ ಲಾಯರಮ್ಮ. ಕಾವಲ್ಗೆ ಅಂತ ಕೂರ್ಸುದ್ರೆ ಗೊರ್ಕೆ ಒಡೀತೀಯಲ್ಲ. ರಾತ್ರೆಲ್ಲಾ ಕೂಗ್ತಾನೇ ಅವ್ರೆ, ನಾನೇ ಓಡಾಡ್ದೆ. ಕೂಸು ಬಾಯಾಕ್ತಂತೆ ಆಲಿಗೆ. ನೀನ್ ಮಾತ್ರ ಮಿಸುಕ್ನಿಲ್ಲ ಬುಡು."